ಎರಡು ಮಂಜು

ಬೆಳಗಿನ ಐದೂವರೆ, ಮಾದಾಪುರದ ಪೆಟ್ರೋಲು ಬಂಕು.
ನನ್ನ ಜೀಪಿನ ನೆತ್ತಿಗೆ ಎರಡು ಉದ್ದ ಹಲಗೆ ಬಿಗಿಯುತ್ತಿದ್ದಾರೆ
ಹವಾಲ್ದಾರ್ ಚೀಯಣ್ಣ. ಮೂತಿ ಮೇಲಕ್ಕೆ ಬಾಗಿದ ಹಲಗೆ.
"ದೋಣಿಯಾ?" ಅಂದೆ.
"ಅಲ್ಲ ಮೊಯ್ದು, ಕಾಲು," ಅಂದರು.
ಹಿಂದಿನ ಸೀಟಿನಲ್ಲಿ ತಂಗಿಯ ಮೊಮ್ಮಗಳು ದೇಚಕ್ಕ,
ಹನ್ನೊಂದು ವರ್ಷ, ಒಂದೇ ಸಮನೆ ಆಕಳಿಕೆ,
ಮಡಿಲಲ್ಲಿ ಜೇನುಮೇಣದ ಉಂಡೆ.

ಕೋಟೆ ಬೆಟ್ಟದ ತಲೆ ಕಾಣಲಿಲ್ಲ. ಮಂಜು.
ಚೀಯಣ್ಣ ತಮ್ಮಷ್ಟಕ್ಕೇ ನಕ್ಕರು:
ಕಾಶ್ಮೀರದಲ್ಲಿ ಹನ್ನೆರಡು ಚಳಿಗಾಲ
ಹುಡುಗರಿಗೆ ಮಂಜಿನ ಮೇಲೆ ಜಾರಲು ಕಲಿಸಿದೆ.
'ಇಲ್ಲಿ ಮಂಜು ಎದೆಮಟ್ಟ' ಅಂತ ಮನೆಗೆ ಬರೆದರೆ
ಅವ್ವನ ಉತ್ತರ: 'ಇಲ್ಲೂ ಹಾಗೇ ಮಗಾ,
ಅಂಗಳದ ನಾಯಿ ಕಾಣುವುದಿಲ್ಲ.'

ಏಳಕ್ಕೆ ಹುಲ್ಲಿನ ತುಂಬ ಇಬ್ಬನಿ.
ಬಗ್ಗಿ ಅಂಗೈಯಲ್ಲಿ ಸವರಿ ನೋಡಿದರು,
ಹಸುವಿನ ಬೆನ್ನು ಸವರಿದ ಹಾಗೆ.
"ಇದು ಓಡಿಸುವ ಹುಲ್ಲು. ಮೂತಿ ಹತ್ತಿರ, ಹಿಮ್ಮಡಿ ದೂರ,
ನೇಗಿಲು ಹಿಡಿ ಕುಂಞಿ, ನೇಗಿಲು!"
ಟಿಲ್ಲರ್ ಬಂದ ಮೇಲೆ ಹುಟ್ಟಿದವಳು,
ನೇಗಿಲು ಎಲ್ಲಿ ನೋಡಬೇಕು?
ನೆಟ್ಟಗೆ ಹೋದಳು, ಕಿರುಚುತ್ತ, ಖುಷಿಯೋ ಭಯವೋ.
ಕುರಿಂಜಿ ಪೊದೆ ಅವಳನ್ನು ಹಿಡಿದು ನಿಲ್ಲಿಸಿತು.

ಹತ್ತಕ್ಕೆ ಬಿಸಿಲು.
ಅದೇ ಇಳಿಜಾರು, ಈಗ ಜಿಪುಣ,
ಹಲಗೆಯ ಹೊಟ್ಟೆ ಹಿಡಿದು ಬಿಡುವುದೇ ಇಲ್ಲ.
ಮೇಣ ತಿಕ್ಕಿ, ಮತ್ತೆ ತಿಕ್ಕಿ,
ಅಡ್ಡಡ್ಡಲಾಗಿ ಏಡಿಯ ಹೆಜ್ಜೆಯಲ್ಲಿ ಹತ್ತಿ,
ಹತ್ತು ಮಾರು ಇಳಿಯುವುದು, ಮುಗ್ಗರಿಸುವುದು.
ನನಗೂ ಒಮ್ಮೆ ಕಟ್ಟಿದರು.
ಆ ಮಾತು ಇಲ್ಲಿ ಬೇಡ.

ಲುಹರ್ ಹೊತ್ತಿಗೆ ಗರ್ವಾಲೆಯ ಕಡೆಯಿಂದ
ಗಾಳಿ ಮೊದಲು, ಹಿಂದೆಯೇ ಬಿಳುಪು.
ಮೇಲು ಹೋಯಿತು, ಕೆಳಗು ಹೋಯಿತು,
ನನ್ನ ಕೈ ನನ್ನ ಮೊಣಕೈಯಿಂದಲೇ ಕಳಚಿ ಹೋಯಿತು.
"ಕದಲಬೇಡಿ. ಎಣಿಕೆ ಕೊಡಿ!"
ಅದು ಚೀಯಣ್ಣನ ದನಿಯಲ್ಲ, ಯಾವುದೋ ಪಹರೆಯ ದನಿ.
ಒಂದು, ಅಂದರು ಅವರು.
ಎರಡು, ಅಂದಳು ದೇಚಕ್ಕ.
ಮೂರು, ಅಂದೆ ನಾನು.
ಆಮೇಲೆ ಅವರು ಕಾದರು.
ನಾವು ಇದ್ದದ್ದೇ ಮೂವರು.
ಆದರೂ ಅವರು ಕಾದರು,
ಹುಲ್ಲಿನ ತುದಿಯಿಂದ ಹನಿ ಬೀಳುವುದು ಕೇಳಿಸುವಷ್ಟು ಹೊತ್ತು.
ಯಾರೂ ನಾಲ್ಕು ಅನ್ನಲಿಲ್ಲ.
ನಾನು ಏನನ್ನೂ ಕೇಳಲಿಲ್ಲ.

ಮೂರು ಗಂಟೆಗೆ ಆಕಾಶ ಹಿತ್ತಾಳೆಯ ಬಣ್ಣ.
ಜೀಪಿಗೆ ಓಡಿ ನುಗ್ಗಿದೆವು.
ತಗಡಿನ ಮೇಲೆ ದುಡಿ ಬಾರಿಸಿದ ಹಾಗೆ ಆಲಿಕಲ್ಲು,
ಏಳೆಂಟು ನಿಮಿಷ, ಅಷ್ಟೇ.
ಗಾಜು ಒರೆಸಿ ನೋಡಿದರೆ ಇಳಿಜಾರೆಲ್ಲ ಬೆಳ್ಳಗೆ.
"ಇದು ಮಂಜಲ್ಲ," ಅಂದರು ಚೀಯಣ್ಣ,
"ಉರುಳುವ ಕಾಳು. ಹಲಗೆ ನಿಲ್ಲುವುದಿಲ್ಲ.
ಬುದ್ಧಿ ಇದ್ದವನು ಇದರ ಮೇಲೆ ಇಳಿಯುವುದಿಲ್ಲ."
ಹೇಳುತ್ತಲೇ ಬೂಟಿನ ಲೇಸು ಬಿಗಿಯುತ್ತಿದ್ದರು.

ಎಪ್ಪತ್ತೊಂದರ ಮಂಡಿ ಮಡಚಿತು.
ಹಲಗೆ ಗೊರಗೊರ ಅಂದಿತು, ಅಕ್ಕಿ ಮೊರದಲ್ಲಿ ಕೇರಿದಂತೆ.
ಎಡಕ್ಕೊಂದು ತಿರುವು. ಬಲಕ್ಕೊಂದು.
ಇಪ್ಪತ್ತು ಮಾರು ಇರಬಹುದು. ಅಷ್ಟರಲ್ಲಿ
ಹಿಮ್ಮಡಿಯಿಂದ ಬಿಳಿ ಹುಡಿ ಚಿಮ್ಮಿಸಿ
ಸೀದಾ ನಿಂತುಬಿಟ್ಟರು, ನಮಗೆ ಬೆನ್ನು ಹಾಕಿ.
ಬಹಳ ಹೊತ್ತು ತಿರುಗಲಿಲ್ಲ.
ದೇಚಕ್ಕ ಬೊಗಸೆ ತುಂಬ ಆಲಿಕಲ್ಲು ಕಡಿಯುತ್ತಿದ್ದಳು, ಕಟಕಟ.

ಹತ್ತಿ ಬರುವಷ್ಟರಲ್ಲಿ ಬಿಳುಪು ನೀರಾಗಿತ್ತು.
ಎರಡು ಗೆರೆ ಎಳೆದಿದ್ದರಲ್ಲ, ಹುಡುಕಿದೆ,
ಬರೀ ಒದ್ದೆ ಹುಲ್ಲು, ತಲೆ ಎತ್ತುತ್ತಿತ್ತು.

ಬಂಕಿನ ಮುಂದೆ ಇಳಿಯುವಾಗ ಹುಡುಗಿ ಕೇಳಿದಳು,
"ನಾಳೆ?"
ಅವರು ಬೆರಳು ನೆಕ್ಕಿ ಗಾಳಿಗೆ ಹಿಡಿದರು.
"ನಾಳೆ ಹುಲ್ಲು ನಿಧಾನ," ಅಂದರು.
ಬೇಡ ಅನ್ನಲಿಲ್ಲ.
ನೆತ್ತಿಯ ಮೇಲಿನ ಹಗ್ಗ ಬಿಚ್ಚಲು ಕೈಯಿಟ್ಟವನು
ಹಾಗೇ ಬಿಟ್ಟೆ.